ನೋವು ವಾಪಸ್ ಬಂತು ಅಂದರೆ ನನಗೆ ಯಾಕೆ ಖುಷಿ

ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಭಟ್ಟರೊಬ್ಬರು ಬಂದಿದ್ದರು. ವಯಸ್ಸು 60 ದಾಟಿದೆ. ಕೂರುವ ಮೊದಲೇ ಎಂಆರ್‌ಐ ಕವರ್ ಮೇಜಿನ ಮೇಲಿಟ್ಟರು. "ಡಿಸ್ಕ್ ಉಬ್ಬಿದೆಯಂತೆ ಸಾರ್, ಆಪರೇಷನ್ ಆಗಲೇಬೇಕಾ?"

ಕವರ್ ಆಮೇಲೆ ಬಿಚ್ಚೋಣ, ಮೊದಲು ಎದ್ದು ಹಿಂದಕ್ಕೆ ಬಾಗಿ ಎಂದೆ. ಅಯ್ಯಪ್ಪಾ ಎಂದು ಸೊಂಟದ ಬಲಗಡೆ ಕೈಯಿಟ್ಟರು. ಮುಂದಕ್ಕೆ ಬಾಗಿದರೆ ಅಷ್ಟು ತೊಂದರೆಯಿಲ್ಲ. ನೋವು ತೊಡೆಗೆ ಬಂದು ನಿಲ್ಲುತ್ತದೆ. ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ನರವನ್ನು ಒತ್ತಿದ್ದರೆ ಸಾಮಾನ್ಯವಾಗಿ ಮೊಣಕಾಲು ದಾಟಿ ಪಾದದವರೆಗೂ ಸೆಳೆಯುತ್ತದೆ.

ಡಿಸ್ಕ್ ಉಬ್ಬಿತ್ತು, ಸುಳ್ಳಲ್ಲ. ಆದರೆ ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ 2015ರ ಒಂದು ಅಧ್ಯಯನವಿದೆ. ಅದರ ಪ್ರಕಾರ 20ರ ವಯಸ್ಸಿನಲ್ಲೇ ಶೇ 30ರಷ್ಟು, 60ರಲ್ಲಿ ಶೇ 69ರಷ್ಟು ಜನರಿಗೆ ಡಿಸ್ಕ್ ಉಬ್ಬಿರುತ್ತದೆ. ತಲೆಕೂದಲು ನೆರೆತ ಹಾಗೆ, ಅಲ್ವಾ?

ನನ್ನ ಅನುಮಾನ ಬೆನ್ನುಮೂಳೆಯ ಹಿಂಭಾಗದ ಪುಟ್ಟ ಕೀಲುಗಳ ಮೇಲಿತ್ತು. ಫ್ಯಾಸೆಟ್ ಕೀಲು ಅನ್ನುತ್ತೇವೆ. ಮಂಡಿ ಸವೆದ ಹಾಗೆ ಇವೂ ಸವೆಯುತ್ತವೆ. ಅನುಮಾನ ಸರಿಯೋ ತಪ್ಪೋ ಅಂತ ಯಾವ ಸ್ಕ್ಯಾನೂ ಹೇಳುವುದಿಲ್ಲ. ಸೂಜಿ ಹೇಳುತ್ತದೆ.

ಬೋರಲು ಮಲಗಿಸಿ, ಸಿ-ಆರ್ಮ್ ಎಕ್ಸ್‌ರೇಯನ್ನು ಸ್ವಲ್ಪ ಓರೆ ಮಾಡುತ್ತೇವೆ. ಆಗ ಪರದೆಯಲ್ಲಿ ಪ್ರತಿ ಮೂಳೆಯೂ ಒಂದು ಪುಟ್ಟ ನಾಯಿಯ ಹಾಗೆ ಕಾಣುತ್ತದೆ. ತಮಾಷೆಯಲ್ಲ, ಸ್ಕಾಟಿ ಡಾಗ್ ಅಂತಲೇ ಅದಕ್ಕೆ ಹೆಸರು. ಮೂತಿ, ಕಿವಿ, ಕಣ್ಣು ಎಲ್ಲಾ ಇವೆ. ಕೀಲಿನ ನೋವನ್ನು ಹೊತ್ತೊಯ್ಯುವ ಕೂದಲೆಳೆಯಂಥ ನರ ಆ ಕಣ್ಣಿನ ಹತ್ತಿರವೇ ಹಾದುಹೋಗುತ್ತದೆ. ಸೂಜಿಯ ತುದಿ ಅಲ್ಲಿ ಮೂಳೆಗೆ ತಾಗಿದಾಗ ಅರ್ಧ ಎಂಎಲ್ ಮರಗಟ್ಟಿಸುವ ಔಷಧಿ ಸಾಕು. ಜಾಸ್ತಿ ಹಾಕಿದರೆ ಅಕ್ಕಪಕ್ಕಕ್ಕೂ ಹರಡಿ ಪರೀಕ್ಷೆಯೇ ಕೆಡುತ್ತದೆ. ಒಂದು ಕೀಲಿಗೆ ಎರಡು ನರ, ಹಾಗಾಗಿ ಎರಡು ಕಡೆ ಸೂಜಿ.

ಇದು ಚಿಕಿತ್ಸೆಯಲ್ಲ, ಪರೀಕ್ಷೆ. ನರ ಮರಗಟ್ಟಿರುವಷ್ಟು ಹೊತ್ತು ನೋವು ಮಾಯವಾದರೆ ಪಾಸು, ನೋವು ಆ ಕೀಲಿನದೇ ಅಂತ ಲೆಕ್ಕ. ಇದನ್ನು ಬಿಟ್ಟು ನೇರವಾಗಿ "ಲೇಸರ್ ಥರದ್ದು ಏನಾದ್ರೂ ಮಾಡಿ" ಅನ್ನುವವರಿಗೆ ನಾನು ಒಪ್ಪುವುದಿಲ್ಲ. ಪರೀಕ್ಷೆ ಎರಡು ಸಲ ಪಾಸಾದರೆ ಮಾತ್ರ ರೇಡಿಯೋಫ್ರೀಕ್ವೆನ್ಸಿ, ಅಂದರೆ ಆ ನರವನ್ನು ಶಾಖದಿಂದ ಸುಡುವ ಚಿಕಿತ್ಸೆ. ಅದೇ ಜಾಗಕ್ಕೆ ಸೂಜಿ ತಲುಪಿಸಿ, ಮೊದಲು ಸಣ್ಣ ಕರೆಂಟ್ ಬಿಟ್ಟು ಕಾಲು ಅದುರುವುದಿಲ್ಲ ಅಂತ ಖಚಿತ ಮಾಡಿಕೊಳ್ಳುತ್ತೇವೆ. ಆಮೇಲೆ ಸುಮಾರು 80 ಡಿಗ್ರಿ ಶಾಖ, ಒಂದೂವರೆ ನಿಮಿಷ. ಅಷ್ಟೇ. ನರ ಮತ್ತೆ ಬೆಳೆಯುತ್ತದೆ, ಆದ್ದರಿಂದ ಆರಾಮ ಸಿಕ್ಕರೂ ಹೆಚ್ಚಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ. ಆ ಅವಧಿಯಲ್ಲಿ ವ್ಯಾಯಾಮ ಮಾಡಿ ಬೆನ್ನು ಗಟ್ಟಿ ಮಾಡಿಕೊಳ್ಳಬೇಕು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಮೂತ್ರ ಕಟ್ಟಿದರೆ, ಕಾಲು ಸೋತರೆ, ಕೂರುವ ಜಾಗ ಜೋಮು ಹಿಡಿದರೆ ಸೂಜಿಯ ಮಾತೇ ಬೇಡ, ತಕ್ಷಣ ತುರ್ತು ವಿಭಾಗಕ್ಕೆ ಓಡಿ.

ಭಟ್ಟರಿಗೆ ಮೊದಲ ಪರೀಕ್ಷೆ ಮುಗಿಸಿ, ಒಂದು ಹಾಳೆ ಕೊಟ್ಟು, ಮನೆಗೆ ಹೋಗಿ ಸುಮ್ನೆ ಮಲಗಬೇಡಿ, ನೋವು ಬರುವಂಥ ಕೆಲಸವನ್ನೇ ಮಾಡಿ, ಗಂಟೆಗೊಮ್ಮೆ ಬರೆಯಿರಿ ಎಂದಿದ್ದೆ. ಮರುದಿನ ಹಾಳೆ ತಂದರು. ಅರಿಶಿನದ ಕಲೆ ಬೇರೆ. "12 ಗಂಟೆ, ನೀರಿನ ಕೊಡ ಎತ್ತಿದೆ, ನೋವಿಲ್ಲ. 1 ಗಂಟೆ, ಇಲ್ಲ. 3 ಗಂಟೆ, ವಾಪಸ್ ಬಂತು."

"ಫೇಲಾಯ್ತಲ್ಲ ಸಾರ್" ಎಂದರು, ಮುಖ ಸಣ್ಣ ಮಾಡಿ. ಔಷಧಿಯ ಆಯಸ್ಸೇ ಅಷ್ಟು, ಪಾಸಾಗಿದೆ ಎಂದು ಎರಡನೇ ಪರೀಕ್ಷೆಗೆ ದಿನ ಗೊತ್ತು ಮಾಡಿದೆ.