ಕಡಲಾಚೆಯ ಕಾನೂನು, ಉಡುಪಿಯ ಬಟ್ಟೆಗೊಂಬೆ

ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ಮನೆಯಲ್ಲೇ ಕುಳಿತು ಕುಲಾವಿ, ತೊಟ್ಟಿಲ ಹೊದಿಕೆ, ಬಟ್ಟೆಗೊಂಬೆ ಹೊಲಿದು ಮಾರುವವರಿಗೆ ಪರದೇಶದ ಆರ್ಡರ್ ಬಂದರೆ ಈಗ ಖುಷಿಗಿಂತ ಮೊದಲು ಅಳುಕು. ಯಾವ ದೇಶ, ಯಾವ ಪರೀಕ್ಷೆ, ಯಾರ ಸಹಿ ಎಂಬ ಗೊಂದಲ. ಇದರ ಬೇರು 2007ರಲ್ಲಿದೆ.

ಅಮೆರಿಕ 1978ರಲ್ಲೇ ಬಣ್ಣದಲ್ಲಿನ ಸೀಸಕ್ಕೆ ಮಿತಿ ಹಾಕಿತ್ತು. ಆಮೇಲೆ ಮೂರು ದಶಕ ಆಟಿಕೆಗಳು ಅಗ್ಗವಾದವು, ಕಾರ್ಖಾನೆಗಳು ಏಷ್ಯಾಕ್ಕೆ ಬಂದವು. 2007ರಲ್ಲಿ ಹೆಸರಾಂತ ಬ್ರ್ಯಾಂಡುಗಳ ಲಕ್ಷಾಂತರ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿತು. ಹೆತ್ತವರ ಸಿಟ್ಟು ಸಹಜವೇ ಆಗಿತ್ತು. 2008ರ ಆಗಸ್ಟ್ 14ರಂದು ಹೊಸ ಕಾನೂನಿಗೆ ಸಹಿ ಬಿತ್ತು. 12 ವರ್ಷದವರೆಗಿನ ಮಕ್ಕಳ ವಸ್ತುಗಳಿಗೆ ಹೊರಗಿನ ಪ್ರಯೋಗಾಲಯದ ಪರೀಕ್ಷೆ, ಪ್ರಮಾಣಪತ್ರ, ತಯಾರಿಯ ಸ್ಥಳ ಮತ್ತು ದಿನಾಂಕ ತಿಳಿಸುವ ಗುರುತು ಕಡ್ಡಾಯವಾಯಿತು. ಬಣ್ಣದಲ್ಲಿನ ಸೀಸದ ಮಿತಿ ಹತ್ತು ಲಕ್ಷ ಭಾಗಕ್ಕೆ 600ರಿಂದ 90ಕ್ಕೆ ಇಳಿಯಿತು. ವಸ್ತುವಿನಲ್ಲಿರುವ ಸೀಸದ ಮಿತಿ 2011ರ ಹೊತ್ತಿಗೆ 100 ಆಯಿತು.

ತೊಡಕು ಇರುವುದು ಪರೀಕ್ಷೆಯ ಲೆಕ್ಕದಲ್ಲಿ. ಯಕ್ಷಗಾನ ವೇಷದ ಒಂದು ಬಟ್ಟೆಗೊಂಬೆಯನ್ನೇ ನೋಡಿ. ಕಿರೀಟಕ್ಕೆ ಬಳಿದ ಹೊನ್ನಬಣ್ಣಕ್ಕೆ ಒಂದು ಪರೀಕ್ಷೆ, ಮುಖದ ಕೆಂಪು ಕಪ್ಪಿಗೆ ಇನ್ನೆರಡು. ಎದೆಯ ಮಣಿ ಕಳಚಿ ಬಂದರೆ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕೀತೇ ಎಂಬುದಕ್ಕೆ ಮತ್ತೊಂದು. ಬಣ್ಣ ಹಾಕಿದ ನೂಲಿನ ಬಟ್ಟೆಗೆ ಸೀಸದ ಪರೀಕ್ಷೆಯಿಂದ 2009ರಲ್ಲಿ ವಿನಾಯಿತಿ ಸಿಕ್ಕಿತು. ಗುಂಡಿಗೆ, ಜಿಪ್ಪಿಗೆ ಸಿಗಲಿಲ್ಲ. ಹತ್ತು ಸಾವಿರ ಗೊಂಬೆ ಮಾಡುವ ಕಾರ್ಖಾನೆಗೆ ಈ ಖರ್ಚು ಗೊಂಬೆಯೊಂದಕ್ಕೆ ಪೈಸೆಗಳಲ್ಲಿ ಹಂಚಿಹೋಗುತ್ತದೆ. ಹನ್ನೆರಡು ಗೊಂಬೆ ಹೊಲಿಯುವವಳಿಗೆ ಅದು ಗೊಂಬೆಯ ಬೆಲೆಯನ್ನೇ ಮೀರುತ್ತದೆ. 'ಅಲಂಕಾರಕ್ಕೆ ಮಾತ್ರ' ಎಂದು ಚೀಟಿ ಅಂಟಿಸಿ ಪಾರಾಗಲು ನೋಡುವವರಿದ್ದಾರೆ. ಆದರೆ ಮೆತ್ತನೆಯ ಗೊಂಬೆಯನ್ನು ಮಗು ಅಪ್ಪಿಕೊಳ್ಳುತ್ತದೆ ಎಂಬುದು ಅಧಿಕಾರಿಗೂ ಗೊತ್ತು, ಚೀಟಿ ನಿಲ್ಲುವುದಿಲ್ಲ.

ಅಮೆರಿಕದ ಸಣ್ಣ ತಯಾರಕರೇ ಇದರ ವಿರುದ್ಧ ದನಿಯೆತ್ತಿದರು. 2011ರ ಆಗಸ್ಟಿನ ತಿದ್ದುಪಡಿಯಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ಒಳಗಿನ ವಹಿವಾಟು, ಒಂದು ಮಾದರಿಯ 7,500 ನಗದೊಳಗಿನ ತಯಾರಿ ಇದ್ದವರಿಗೆ ಕೆಲವು ಪರೀಕ್ಷೆಗಳಿಂದ ಬಿಡುವು ಸಿಕ್ಕಿತು. ಬಣ್ಣದ ಸೀಸ, ಸಣ್ಣ ಬಿಡಿಭಾಗಗಳ ಪರೀಕ್ಷೆ ಉಳಿಯಿತು. ಅದು ಉಳಿದದ್ದು ಸರಿಯೇ. ಕೈಕೆಲಸ ಎಂದಮಾತ್ರಕ್ಕೆ ಬಣ್ಣ ಶುದ್ಧವಾಗುವುದಿಲ್ಲ, ಸೀಸ ಮಗುವಿನ ಮಿದುಳಿಗೆ ಮಾಡುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ಆದರೆ ಆಮದಾದ ವಸ್ತುವಿಗೆ ಪ್ರಮಾಣಪತ್ರ ಕೊಡಬೇಕಾದವರು ಅಲ್ಲಿನ ಆಮದುದಾರರು. ಹತ್ತು ಕುಲಾವಿಗಾಗಿ ಆ ತಾಪತ್ರಯ ಯಾರು ಹಚ್ಚಿಕೊಳ್ಳುತ್ತಾರೆ?

ಯುರೋಪಿನ ದಾರಿ ಇನ್ನೂ ಕಡಿದು. ಅಲ್ಲಿನ ಸುರಕ್ಷತಾ ನಿಯಮಗಳಿಗೆ ಒಪ್ಪುತ್ತದೆ ಎಂದು ತಯಾರಕರು ಹಾಕುವ ಸಿಇ ಗುರುತು ಆಟಿಕೆಗಳಿಗೆ ಮೊದಲೇ ಬೇಕಿತ್ತು. 2024ರ ಡಿಸೆಂಬರ್ 13ರಿಂದ ಜಾರಿಯಾದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮದಡಿ ತೊಟ್ಟಿಲ ಹೊದಿಕೆಗೂ ಅಪಾಯ ವಿಶ್ಲೇಷಣೆಯ ಕಡತ ಬೇಕು. ಯುರೋಪಿನೊಳಗೆ ಹೊಣೆ ಹೊರುವ ಒಬ್ಬರ ಹೆಸರು, ವಿಳಾಸವೂ ಬೇಕು. ಸಣ್ಣವರಿಗೆಂದು ವಿನಾಯಿತಿ ಇಲ್ಲ. ಜರ್ಮನಿಯಲ್ಲಿರುವ ಸೊಸೆಯ ಗೆಳತಿಯರಿಗೆ ಕುಲಾವಿ ಕಳಿಸುತ್ತಿದ್ದ ಮಹಿಳೆ ಹೊಣೆಗಾರ ಸಂಸ್ಥೆಗೆ ವರ್ಷವರ್ಷ ಶುಲ್ಕ ಕಟ್ಟಬೇಕು, ಇಲ್ಲವೇ ಆ ದೇಶಗಳನ್ನು ಪಟ್ಟಿಯಿಂದ ತೆಗೆಯಬೇಕು. ಜಗತ್ತಿನಾದ್ಯಂತ ಅನೇಕ ಸಣ್ಣ ಮಾರಾಟಗಾರರು ಎರಡನೆಯದನ್ನೇ ಮಾಡಿದ್ದಾರೆ. (2025ರ ಆಗಸ್ಟಿನಲ್ಲಿ ಅಮೆರಿಕ ಸಣ್ಣ ಪಾರ್ಸೆಲ್‌ಗಳ ಸುಂಕ ವಿನಾಯಿತಿ ಕಿತ್ತುಹಾಕಿ, ನಮ್ಮ ಅಂಚೆ ಇಲಾಖೆ ಕೆಲವು ವಾರ ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿದ್ದು ಬೇರೆಯೇ ಪೆಟ್ಟು.)

ನಮ್ಮಲ್ಲೂ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಚನ್ನಪಟ್ಟಣದ ಗೊಂಬೆಯಂಥ ಭೌಗೋಳಿಕ ಸೂಚಿಕೆ ಪಡೆದವಕ್ಕೂ ವಿನಾಯಿತಿ ಇದೆ. ಅದು ದೇಶದೊಳಗೆ ಮಾತ್ರ ನಡೆಯುತ್ತದೆ. ಮನೆಯಲ್ಲಿ ಹೊಲಿಯುವ ಹೆಚ್ಚಿನವರು ತಮ್ಮನ್ನು ಕುಶಲಕರ್ಮಿಗಳೆಂದು ಭಾವಿಸಿಯೇ ಇಲ್ಲವಾದ್ದರಿಂದ ಗುರುತಿನ ಚೀಟಿಗೆ ಅರ್ಜಿಯನ್ನೂ ಹಾಕಿಲ್ಲ.

ಅಮೆರಿಕದ ನಿಯಮದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಅವಕಾಶವಿದೆ. ಬಿಡಿಭಾಗವನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿ, ಆ ವರದಿಯನ್ನು ಅದನ್ನು ಬಳಸುವವರೆಲ್ಲ ಆಧಾರವಾಗಿ ಕೊಡಬಹುದು. ಗುಂಡಿ, ಮಣಿ, ಬಣ್ಣಗಳನ್ನು ಹತ್ತಾರು ಮಂದಿ ಒಟ್ಟಾಗಿ ಒಂದೇ ಕಂತಿನಲ್ಲಿ ಕೊಂಡು ಒಮ್ಮೆ ಪರೀಕ್ಷೆ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಸಹಕಾರ ಸಂಘ ಕಟ್ಟಿ ನಡೆಸುವುದು ಈ ಕರಾವಳಿಗೆ ಹೊಸದಲ್ಲ. ತಾಳಿಪಾಡಿಯ ನೇಕಾರರ ಸಂಘ ಉಡುಪಿ ಸೀರೆಯನ್ನು ಉಳಿಸಿಕೊಂಡದ್ದೂ ಹಾಗೆಯೇ. ಹೊಲಿಯುವವರಿಗೆ ಅಂಥ ಸಂಘವೊಂದು ಇನ್ನೂ ಆಗಬೇಕಿದೆ.