ಮುತ್ತು ಕೊಟ್ಟದ್ದು ಡಾಲ್ಫಿನ್, ಸೀಟಿ ಊದಿದ್ದು ಯಾರು?

ರಜೆಯಲ್ಲಿ ವಿದೇಶಕ್ಕೆ ಹೋಗಿ ಬಂದ ನಮ್ಮ ಜಯನಗರದ ಪಕ್ಕದ ಮನೆಯವರು ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿದರು. ಎದೆಮಟ್ಟದ ನೀರಿನಲ್ಲಿ ಅವರ ಮಗಳು. ಅವಳ ಕೆನ್ನೆಗೆ ಮೂತಿ ಒತ್ತಿದ ಡಾಲ್ಫಿನ್. "ನೋಡಿ ಸರ್, ಅದಕ್ಕೆ ಮಕ್ಕಳ ಮನಸ್ಸು ಗೊತ್ತಾಗುತ್ತದಂತೆ" ಎಂದರು. ನನ್ನ ಕಣ್ಣು ಹೋದದ್ದು ಚಿತ್ರದ ಅಂಚಿಗೆ. ಅಲ್ಲಿ ತರಬೇತುದಾರನ ಅರ್ಧ ಮುಖ, ತುಟಿಗಳ ನಡುವೆ ಸಣ್ಣದೊಂದು ಸೀಟಿ.

ನನಗೆ ಆ ಸೀಟಿಯೇ ವಿಸ್ಮಯ. ಆನೆಗೆ ಅಂಕುಶವಿದೆ, ಕುದುರೆಗೆ ಕಡಿವಾಣ, ಎತ್ತಿಗೆ ಮೂಗುದಾರ. ಡಾಲ್ಫಿನ್‌ಗೆ ಏನು ಹಾಕುತ್ತೀರಿ? ಗದರಿದರೆ ಬಾಲ ಬೀಸಿ ಕೊಳದ ಆಚೆ ಬದಿಗೆ ಹೋಗಿಬಿಡುತ್ತದೆ. ಒಲಿಸಿಕೊಳ್ಳದೆ ಬೇರೆ ದಾರಿಯೇ ಇಲ್ಲ. ಬೇಕಾದ್ದನ್ನು ಮಾಡಿದಾಗ ತಿನಿಸು ಕೊಟ್ಟು ಕಲಿಸುವ ಆ ದಾರಿಯ ಮೂಲ ಅಮೆರಿಕದ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್, ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ದಾರಿ ತೋರಿಸಲು ಪಾರಿವಾಳಗಳನ್ನು ಪಳಗಿಸಲು ಹೊರಟಿದ್ದ ಮಹಾಶಯ! ಅವರ ಶಿಷ್ಯ ಕೆಲರ್ ಬ್ರೆಲ್ಯಾಂಡ್ 1955ರ ಸುಮಾರಿಗೆ ಅದೇ ವಿದ್ಯೆಯನ್ನು ಫ್ಲಾರಿಡಾದ ಡಾಲ್ಫಿನ್‌ಗಳ ಬಳಿಗೆ ಒಯ್ದರು.

ಮೀನು ಕೊಟ್ಟರೆ ಸಾಲದೇ, ಸೀಟಿ ಏಕೆ? ಡಾಲ್ಫಿನ್ ಜಿಗಿಯುವುದು ಕೊಳದ ನಡುವೆ, ಮೀನಿನ ಬಕೆಟ್ ಇರುವುದು ದಡದಲ್ಲಿ. ಅದು ಈಜಿ ಬಂದು ಬಾಯಿ ತೆರೆಯುವ ಹೊತ್ತಿಗೆ ಮೀನು ಬಿದ್ದರೆ, ಬಹುಮಾನ ಸಿಕ್ಕಿದ್ದು ಜಿಗಿದದ್ದಕ್ಕಲ್ಲ, ಬಾಯಿ ತೆರೆದದ್ದಕ್ಕೆ. ಸಂಗೀತ ಪಾಠದಲ್ಲಿ ಗುರುಗಳು ಸ್ವರ ಸರಿಯಾಗಿ ಬಿದ್ದ ಕ್ಷಣಕ್ಕೇ "ಭೇಷ್" ಎನ್ನಬೇಕು. ಪಾಠ ಮುಗಿದ ಮೇಲೆ ಹೇಳಿದರೆ ಯಾವುದು ಚೆನ್ನಾಗಿತ್ತೆಂದು ಶಿಷ್ಯನಿಗೆ ತಿಳಿಯುವುದಿಲ್ಲ. ಸೀಟಿ ಆ ಭೇಷ್. ಆದರೆ ಬರಿಯ ಸದ್ದಿಗೆ ಏಕೆ ಇಷ್ಟು ಬೆಲೆ? ನಮ್ಮ ದರ್ಶಿನಿಯ ಗಲ್ಲಾದ ಮೇಲೆ ಕೂತು ಇಷ್ಟು ರೂಪಾಯಿ ಬಂತೆಂದು ಕೂಗುವ ಪೆಟ್ಟಿಗೆಯನ್ನು ನೆನೆಯಿರಿ. ದುಡ್ಡು ಕೈಗೆ ಬಂದಿಲ್ಲ, ಕೂಗು ಕೇಳಿದ್ದೇ ತಡ, ಮಾಲೀಕರು ಟೋಕನ್ ಕೊಟ್ಟುಬಿಡುತ್ತಾರೆ. ಮೊದಮೊದಲು ಪ್ರತಿ ಸೀಟಿಯ ಹಿಂದೆಯೂ ಮೀನು ಕೊಟ್ಟು ಡಾಲ್ಫಿನ್‌ಗೂ ಅಂಥದೇ ನಂಬಿಕೆ ಹುಟ್ಟಿಸಿರುತ್ತಾರೆ. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ನಾಯಿಯ ಮುಂದೆ ಕೆಲವರು ಟಕ್ಕೆನ್ನಿಸುವ ಪುಟ್ಟ ಡಬ್ಬಿಯೂ ಇದರ ತಮ್ಮನೇ.

ಇಷ್ಟಾದರೂ ಡಾಲ್ಫಿನ್ ಯಂತ್ರವಲ್ಲ. ಹವಾಯಿಯಲ್ಲಿ ಕ್ಯಾರೆನ್ ಪ್ರಯರ್ ಎಂಬ ತರಬೇತುದಾರ್ತಿ "ಹೌ" ಹೆಸರಿನ ಹೆಣ್ಣು ಡಾಲ್ಫಿನ್‌ಗೆ ವಿಚಿತ್ರ ನಿಯಮ ಹಾಕಿದರು: ಹಿಂದೆಂದೂ ಮಾಡದ್ದನ್ನು ಮಾಡಿದರೆ ಮಾತ್ರ ಸೀಟಿ. ಅದು ಹಳೆಯದನ್ನೇ ಮಾಡಿ ಮಾಡಿ ಬೇಸತ್ತಿತು. ಕೊನೆಗೊಮ್ಮೆ ನಿಯಮ ಹೊಳೆದದ್ದೇ ತಡ, ಹೊಸ ಹೊಸ ಕಸರತ್ತುಗಳ ಮಳೆ! ವರದಿ 1969ರಲ್ಲಿ ಪ್ರಕಟವಾಯಿತು. ಪ್ರಾಣಿಗೆ "ಹೊಸದು" ಎಂಬ ಕಲ್ಪನೆಯನ್ನೇ ಕಲಿಸಿದಂತಾಯಿತಲ್ಲ!

ಪಕ್ಕದ ಮನೆಯವರಿಗೆ ಇದು ಬೇಕಿರಲಿಲ್ಲ. "ಅದರ ಧ್ವನಿತರಂಗ ಮೆದುಳಿಗೆ ಒಳ್ಳೆಯದಂತೆ" ಎಂದರು. ಡಾಲ್ಫಿನ್ ನಮ್ಮ ಕಿವಿಗೆ ನಿಲುಕದ ಸದ್ದು ಹೊರಡಿಸುವುದು ನಿಜ, ಮೀನು ಹುಡುಕಲು. ಬಾವಲಿಯೂ ಹೊರಡಿಸುತ್ತದೆ, ತಲೆನೋವಿಗೆ ಬಾವಲಿಯನ್ನು ಕಟ್ಟಿಕೊಳ್ಳುತ್ತೀರಾ? ಡಾಲ್ಫಿನ್ ಜೊತೆ ಈಜಿದರೆ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಅದರ ಮುಖದಲ್ಲಿ ಕಾಣುವ ಆ ನಗುವೂ ದವಡೆಯ ಆಕಾರವಷ್ಟೇ, ಸತ್ತ ಡಾಲ್ಫಿನ್ ಕೂಡ ನಗುತ್ತಲೇ ಇರುತ್ತದೆ. ನಮ್ಮ ದೇಶದಲ್ಲಿ ಇಂಥ ಕೊಳಗಳಿಗೆ ಅನುಮತಿ ಕೊಡಬಾರದೆಂದು 2013ರಲ್ಲೇ ಕೇಂದ್ರ ಹೇಳಿದೆ. ನೋಡಲೇಬೇಕೆಂದರೆ ಕಾರವಾರದಲ್ಲಿ ದೋಣಿ ಹತ್ತಿ ಕಾಯಬೇಕು, ಬಂದರೆ ಬಂದವು.

ಅಷ್ಟರಲ್ಲಿ ಹುಡುಗಿ ಹೊರಗೆ ಬಂದಳು. ಮುತ್ತು ಕೊಟ್ಟಾಗ ಹೇಗನಿಸಿತು ಎಂದು ಕೇಳಿದೆ.

"ಒದ್ದೆ ಚಪ್ಪಲಿ ತಾಗಿದ ಹಾಗೆ, ಅಂಕಲ್. ಆಮೇಲೆ ಸೀಟಿ ಕೇಳಿಸಿತು. ಅದು ಸೀದಾ ಬಕೆಟ್ ಹತ್ತಿರ ಹೋಯಿತು."