ಕೊನೆಯ ಎಪಿಸೋಡ್ ಬಂದ ದಿನ ಅಭಿಮಾನಿಗಳಿಗೆ ಅಷ್ಟೊಂದು ಸಿಟ್ಟು ಯಾಕೆ?

ಪ್ರಶ್ನೆ: ನಾನು, ನನ್ನ ತಂಗಿ ವರ್ಷಗಟ್ಟಲೆ ಒಂದು ಕ್ರೈಂ ಸೀರೀಸ್ ನೋಡಿದೆವು. ಕೊನೆಯ ಎಪಿಸೋಡ್ ಬಂದ ದಿನ ಅವಳು ಮೊದಲು ಸುಮ್ಮನಾದಳು, ಆಮೇಲೆ ಬೈಯಲು ಶುರು ಮಾಡಿದಳು. ಅವಳ ಆಫೀಸಿನವರೂ ಹಾಗೇ ಬೈಯುತ್ತಿದ್ದರಂತೆ. ನನಗೇನೂ ಅಷ್ಟು ಕೆಟ್ಟದು ಅನ್ನಿಸಲಿಲ್ಲ. ಇಷ್ಟು ವರ್ಷ ಪ್ರೀತಿಯಿಂದ ನೋಡಿದ್ದನ್ನು ಒಂದೇ ಒಂದು ಗಂಟೆಗಾಗಿ ಬೈಯುವುದು ಸರಿಯಾ? – ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ತುಂಬ ಜನ ಕೇಳುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ತಂಗಿಯ ಸಿಟ್ಟಿಗೆ ಕಾರಣ ಇರಬಹುದು. ಕ್ರೈಂ ಸೀರೀಸ್ ನಮ್ಮ ಕೈಗೆ ಒಂದು ಪ್ರಶ್ನೆ ಕೊಟ್ಟು ವರ್ಷಗಟ್ಟಲೆ ಕಾಯಿಸುತ್ತದೆ. ಕೊನೆಗೆ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಟ್ಟರೆ ಸಿಟ್ಟು ಬರುತ್ತದೆ. ಅದು ನ್ಯಾಯವಾದ ಸಿಟ್ಟು. ಆದರೆ ಎಲ್ಲರ ಸಿಟ್ಟೂ ಅದೇ ಕಾರಣದ್ದಾಗಿರುವುದಿಲ್ಲ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಇಲ್ಲಿಂದ ಮುಂದೆ ಕೆಲವು ಸೀರೀಸ್‌ಗಳ ಕೊನೆ ಬಯಲಾಗುತ್ತದೆ. ಇನ್ನೂ ನೋಡದವರು ಹುಷಾರು.

ಬಿಬಿಸಿಯಲ್ಲಿ 2012ರಲ್ಲಿ ಶುರುವಾದ 'ಲೈನ್ ಆಫ್ ಡ್ಯೂಟಿ' ಭ್ರಷ್ಟ ಪೊಲೀಸರನ್ನು ಹಿಡಿಯುವ ಪೊಲೀಸರ ಕತೆ. ಇಲಾಖೆಯ ಒಳಗೇ ಕೂತು ಗ್ಯಾಂಗ್‌ಗೆ ಸಹಾಯ ಮಾಡುತ್ತಿರುವ ದೊಡ್ಡ ಮನುಷ್ಯ ಯಾರು? ಅವನಿಗೆ 'ಎಚ್' ಅಂತ ಹೆಸರು. ಸಾಯುತ್ತಿದ್ದ ಒಬ್ಬ ಪಾತ್ರ ಬೆರಳು ತಟ್ಟಿದ್ದು ಮೋರ್ಸ್ ಕೋಡ್ ಅಂತ ಆಮೇಲೆ ಗೊತ್ತಾಗುತ್ತದೆ. ನಾಲ್ಕು ಚುಕ್ಕೆ ಅಂದರೆ 'ಎಚ್' ಅಕ್ಷರವೂ ಹೌದು, ಹಿಂದೆ ನಾಲ್ಕು ಜನ ಇದ್ದಾರೆ ಅನ್ನುವ ಸುಳಿವೂ ಹೌದು. ಇಂಥ ಸುಳಿವು ಕೊಟ್ಟ ಮೇಲೆ ನೋಡುಗರು ಸುಮ್ನೆ ಕೂರುತ್ತಾರಾ? ಹಳೆಯ ಎಪಿಸೋಡ್‌ಗಳನ್ನೆಲ್ಲ ಮತ್ತೆ ತೆಗೆದು ಜಾಲಾಡಿದರು.

2021ರ ಮೇ 2ರಂದು ಆರನೇ ಸೀಸನ್‌ನ ಕೊನೆಯ ಎಪಿಸೋಡ್ ಬಂತು. ಬ್ರಿಟನ್‌ನಲ್ಲಿ ಸುಮಾರು 1 ಕೋಟಿ 28 ಲಕ್ಷ ಜನ ನೋಡಿದರು. ಸಿಕ್ಕಿಬಿದ್ದವನು ಇಯಾನ್ ಬಕಲ್ಸ್. ಮೊದಲ ಸೀಸನ್‌ನಲ್ಲೇ ಕಾಣಿಸಿಕೊಂಡಿದ್ದ, ಕೆಲಸವೂ ನೆಟ್ಟಗೆ ಬಾರದ, ಯಾರೂ ಲೆಕ್ಕಕ್ಕೇ ಹಿಡಿಯದ ಅಧಿಕಾರಿ. ತುಂಬ ಜನಕ್ಕೆ ನಿರಾಸೆ ಆಯಿತು, ಸಿಟ್ಟೂ ಬಂತು. ಬರಹಗಾರ ಜೆಡ್ ಮರ್ಕ್ಯೂರಿಯೊ ಹೇಳಲು ಹೊರಟದ್ದು ನನಗೆ ಅರ್ಥವಾಗುತ್ತದೆ: ಭ್ರಷ್ಟಾಚಾರ ನಡೆಸಲು ಮಹಾ ಬುದ್ಧಿವಂತ ಬೇಕಿಲ್ಲ. ದಡ್ಡನನ್ನೂ ಮೇಲಿನವರು ಬಡ್ತಿ ಕೊಟ್ಟು ಬೆಳೆಸುತ್ತಾರೆ, ಹಿಡಿದ ಮೇಲೆ ವಿಷಯ ಮುಚ್ಚಿಹಾಕುತ್ತಾರೆ. ಒಂದು ಫೈಲಿಗಾಗಿ ಕಚೇರಿಗಳಿಗೆ ಅಲೆದ ಯಾರಿಗೂ ಇದು ಸುಳ್ಳು ಅನ್ನಿಸುವುದಿಲ್ಲ. ಆದರೂ ನಾನು ನೋಡುಗರ ಪರ. 'ಅವನು ಯಾರು' ಅಂತ ಅಷ್ಟು ವರ್ಷ ಎದೆ ಬಡಿದುಕೊಳ್ಳುವ ಹಾಗೆ ಮಾಡಿ, ಕೊನೆಯಲ್ಲಿ 'ಯಾರಾದರೇನು' ಅಂದರೆ ಹೇಗೆ?

ಬೇರೆ ಕತೆಗಳಿಗಿಂತ ಕ್ರೈಂ ಕತೆಯಲ್ಲಿ ಈ ನೋವು ಜಾಸ್ತಿ. ಯಾಕೆಂದರೆ ಇಲ್ಲಿ ನೋಡುವವರೂ ಕೆಲಸ ಮಾಡುತ್ತಾರೆ. ಸುಳಿವು ನೆನಪಿಟ್ಟುಕೊಳ್ಳುತ್ತಾರೆ, ಅನುಮಾನ ಪಡುತ್ತಾರೆ, ಮನೆಯವರ ಜೊತೆ ವಾದ ಮಾಡುತ್ತಾರೆ. ಕನ್ನಡದವರಿಗೆ ಇದು ಹೊಸದೇನಲ್ಲ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹಿಡಿದೇ ಓದುವ ಚಟ ಹತ್ತಿಸಿಕೊಂಡವರು ಎಷ್ಟೋ ಜನ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ ಪತ್ತೇದಾರಿ ಪುಸ್ತಕದಲ್ಲಿ ಕೊನೆಯ ಹಾಳೆಯೇ ಇಲ್ಲದಿದ್ದರೆ ಆಗುವ ಸಂಕಟ ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ.

ಇನ್ನು 'ಒಂದೇ ಒಂದು ಗಂಟೆಗಾಗಿ' ಅಂತ ನೀವು ಕೇಳಿದ್ದೀರಿ. ಕೊನೆಯ ಗಂಟೆಗೆ ಬೇರೆ ಗಂಟೆಗಳಿಗಿಂತ ತೂಕ ಹೆಚ್ಚು. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದರು. ಜನ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ 30 ಸೆಕೆಂಡಿನಲ್ಲಿ ಮಾತ್ರ ನೀರನ್ನು ಮೆಲ್ಲಗೆ 15 ಡಿಗ್ರಿಗೆ ತಂದರು. ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು! ಒಟ್ಟು ನೋವು ಅದರಲ್ಲೇ ಜಾಸ್ತಿ, ಆದರೆ ಕೊನೆ ಸ್ವಲ್ಪ ಹಿತ. ನೆನಪು ಉಳಿಯುವುದು ಹಾಗೆ. ಎಷ್ಟು ಹೊತ್ತು ಅನ್ನುವುದಕ್ಕಿಂತ ಹೇಗೆ ಮುಗಿಯಿತು ಅನ್ನುವುದನ್ನೇ ಅದು ಹಿಡಿದುಕೊಳ್ಳುತ್ತದೆ. ಹಾಗಾಗಿ ಕೊನೆ ಕೆಟ್ಟರೆ ಹಿಂದಿನದ್ದೆಲ್ಲ ಕೆಟ್ಟ ಹಾಗೆ ಅನ್ನಿಸುವುದು ಹಟವಲ್ಲ.

ಸರಿಯಾಗಿ ಮುಗಿದ ಒಂದನ್ನೂ ಹೇಳಬೇಕು. 'ಲೈನ್ ಆಫ್ ಡ್ಯೂಟಿ'ಯ ಆ ಸೀಸನ್ ಮುಗಿದ ನಾಲ್ಕೇ ವಾರಕ್ಕೆ, ಅದೇ ಮೇ 30ರಂದು, ಅಮೆರಿಕದ ಎಚ್‌ಬಿಒ ಚಾನೆಲ್ಲಿನ 'ಮೇರ್ ಆಫ್ ಈಸ್ಟ್‌ಟೌನ್' ಏಳನೇ ಎಪಿಸೋಡಿಗೆ ಮುಗಿಯಿತು. ಕೇಟ್ ವಿನ್ಸ್ಲೆಟ್ ಅದರಲ್ಲಿ ಪತ್ತೇದಾರಿಣಿ ಮೇರ್. ಕೊಲೆ ಮಾಡಿದವನು ಅವಳ ಗೆಳತಿಯ ಮಗ, 13 ವರ್ಷದ ಹುಡುಗ. ಎದೆ ಒಡೆಯುವ ಉತ್ತರ. ಆದರೆ ಕತೆ ಅಲ್ಲಿಗೇ ಬಿಡುವುದಿಲ್ಲ. ಮೇರ್‌ಳ ಸ್ವಂತ ಮಗ ಜೀವ ಕಳೆದುಕೊಂಡಿದ್ದು ಮನೆಯ ಅಟ್ಟದಲ್ಲಿ. ಕೊನೆಯ ದೃಶ್ಯದಲ್ಲಿ ಅವಳು ಆ ಅಟ್ಟ ಹತ್ತುತ್ತಾಳೆ. 'ಕೊಂದವರು ಯಾರು', 'ಈ ತಾಯಿ ಬದುಕುವುದು ಹೇಗೆ', ಎರಡಕ್ಕೂ ಉತ್ತರ ಸಿಕ್ಕಿತು. ನೋಡಿದವರು ಅತ್ತರು, ಬೈಯಲಿಲ್ಲ.

ಉತ್ತರವನ್ನೇ ಕೊಡದ ಕೊನೆಯ ಕತೆ ಬೇರೆ. 'ದ ಸೊಪ್ರಾನೋಸ್' 86ನೇ ಎಪಿಸೋಡಿಗೆ ಮುಗಿದದ್ದು 2007ರ ಜೂನ್ 10ರಂದು. ಮಾಫಿಯಾ ದೊರೆ ಟೋನಿ ಹೆಂಡತಿ, ಮಗನ ಜೊತೆ ಹೋಟೆಲಿನಲ್ಲಿ ಕೂತಿದ್ದಾನೆ. ಮಗಳು ಹೊರಗೆ ಕಾರು ಪಾರ್ಕ್ ಮಾಡಲು ಒದ್ದಾಡುತ್ತಿದ್ದಾಳೆ. ಯಾರೋ ಒಬ್ಬ ಟಾಯ್ಲೆಟ್ ಕಡೆ ಹೋಗುತ್ತಾನೆ. ಬಾಗಿಲ ಗಂಟೆ ಕೇಳಿಸುತ್ತದೆ. ಟೋನಿ ತಲೆ ಎತ್ತುತ್ತಾನೆ. ಪರದೆ ಪೂರ್ತಿ ಕಪ್ಪು, ಸದ್ದೂ ಇಲ್ಲ. ಅಮೆರಿಕದಲ್ಲಿ ಸುಮಾರು 1 ಕೋಟಿ 19 ಲಕ್ಷ ಜನ ನೋಡುತ್ತಿದ್ದರು. ಕೇಬಲ್ ಹೋಯಿತು ಅಂತ ಅಂದುಕೊಂಡವರು ಎಷ್ಟೋ. ಆ ರಾತ್ರಿ ಸಿಟ್ಟೋ ಸಿಟ್ಟು.

ಈಗ ಅದನ್ನೇ ಟಿವಿಯ ದೊಡ್ಡ ಕೊನೆಗಳಲ್ಲಿ ಒಂದು ಅಂತ ಮೆಚ್ಚುವವರು ಬೇಕಾದಷ್ಟು. ಆ ಹೋಟೆಲಿನ ಆಸನವನ್ನು 2024ರಲ್ಲಿ ಹರಾಜು ಹಾಕಿದಾಗ 82,600 ಡಾಲರಿಗೆ ಹೋಯಿತು. ಏನು ಬದಲಾಯಿತು? ಜನ ಹಿಂದೆ ಹೋಗಿ ಮತ್ತೆ ನೋಡಿದರು. ಆ ಸೀಸನ್ನಿನಲ್ಲೇ ಒಂದು ಕಡೆ, ದೋಣಿಯಲ್ಲಿ ಕೂತು ಇಬ್ಬರು ಮಾತಾಡುತ್ತಾರೆ, ಸಾವು ಬಂದಾಗ ಸದ್ದೂ ಕೇಳಿಸಲಿಕ್ಕಿಲ್ಲ ಅಂತ. ಸೀರೀಸ್ ಮಾಡಿದ ಡೇವಿಡ್ ಚೇಸ್ ಮಾತು ತಪ್ಪಿರಲಿಲ್ಲ. ಎಲ್ಲ ಗಂಟು ಬಿಚ್ಚಿ ಕೊಡುತ್ತೇನೆ ಅಂತ ಆ ಸೀರೀಸ್ ಯಾವತ್ತೂ ಹೇಳಿರಲೇ ಇಲ್ಲ.

ಇನ್ನೊಂದು ಬಗೆಯ ಸಿಟ್ಟಿದೆ. ಅದು ನನಗೆ ಒಪ್ಪಿಗೆಯಿಲ್ಲ. 'ನಾನು ಊಹಿಸಿದ ಹಾಗೆ ಆಗಲಿಲ್ಲ' ಅನ್ನುವ ಸಿಟ್ಟು. ನಮ್ಮ ಊಹೆಗೆ ಕತೆಗಾರ ಜವಾಬ್ದಾರನಲ್ಲ, ಅಲ್ವಾ?

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಭಾನುವಾರ ರಾತ್ರಿ 9 ಅಂದರೆ ಬೇಸಿಗೆಯಲ್ಲಿ ನಮಗೆ ಸೋಮವಾರ ಬೆಳಗ್ಗೆ 6.30. ಕೆಲವರು ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿ ನೋಡುತ್ತಾರೆ. ಕೆಲವರು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಆಫೀಸ್ ಕ್ಯಾಬ್‌ನಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತೀರ್ಪು ಬಂದಿರುತ್ತದೆ. ಸಂಜೆ ಮನೆಗೆ ಹೋಗಿ ನೋಡುವವರಿಗೆ ಎಪಿಸೋಡಿಗಿಂತ ಮೊದಲು ಬೇರೆಯವರ ಸಿಟ್ಟು ತಲುಪಿರುತ್ತದೆ. ನಿಮ್ಮ ತಂಗಿ ಆಫೀಸಿನ ಮಾತು ಕೇಳಿದ್ದು ನೋಡುವ ಮೊದಲೋ, ಆಮೇಲೋ? ಅದನ್ನೊಮ್ಮೆ ಕೇಳಿ.

ಬೈದರೆ ಏನಾದರೂ ಆಗುತ್ತದಾ ಅಂದರೆ, ಒಮ್ಮೊಮ್ಮೆ ಆಗುತ್ತದೆ. 'ಡೆಕ್ಸ್ಟರ್' 2013ರ ಸೆಪ್ಟೆಂಬರ್ 22ರಂದು ಮುಗಿದಾಗ, ಅಷ್ಟು ಜನರನ್ನು ಕೊಂದ ನಾಯಕ ಸಿಕ್ಕಿಯೂ ಬೀಳಲಿಲ್ಲ, ಸಾಯಲೂ ಇಲ್ಲ. ದೂರದ ಊರಿನಲ್ಲಿ ಮರ ಕಡಿಯುವ ಕೆಲಸಕ್ಕೆ ಸೇರಿದ್ದ. ಆ ಬೈಗುಳ ವರ್ಷಗಟ್ಟಲೆ ನಿಲ್ಲಲಿಲ್ಲ. 2021ರಲ್ಲಿ ಹೊಸ ಸೀಸನ್ ಮಾಡಿ, 2022ರ ಜನವರಿಯಲ್ಲಿ ಮಗನ ಕೈಯಿಂದಲೇ ಅವನಿಗೆ ಗುಂಡು ಹೊಡೆಸಿದರು. ಅದಕ್ಕೂ ತುಂಬ ಜನ ಒಪ್ಪಲಿಲ್ಲ. 2025ರಲ್ಲಿ ಅವನು ಕೋಮಾದಿಂದ ಎದ್ದು ಮತ್ತೆ ಬಂದ. ನನಗೆ ಮಾತ್ರ ಆ 2022ರ ಕೊನೆಯೇ ಸರಿ ಅನ್ನಿಸಿತ್ತು. ಆ ಹುಡುಗನಿಗೆ ಬೇರೆ ದಾರಿ ಇರಲಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಒಂದೆರಡು ತಿಂಗಳು ಬಿಟ್ಟು ಇಬ್ಬರೂ ಕೂತು ಮೊದಲ ಎಪಿಸೋಡ್ ನೋಡಿ, ಅದರ ಬೆನ್ನಿಗೇ ಕೊನೆಯದನ್ನು ನೋಡಿ. ಮೊದಲನೆಯದು ಯಾವ ಪ್ರಶ್ನೆ ಕೇಳಿತ್ತು ಅನ್ನುವುದು ಎದ್ದು ಕಾಣುತ್ತದೆ. ಕೊನೆಯದು ಅದಕ್ಕೆ ಉತ್ತರ ಕೊಡದೇ ಹೋಗಿದ್ದರೆ ತಂಗಿ ಹೇಳಿದ್ದೇ ಸರಿ. ಕೊಟ್ಟಿದ್ದರೆ, ಅವಳು ಕಾಯುತ್ತಿದ್ದ ಉತ್ತರ ಯಾವುದಾಗಿತ್ತು ಅಂತ ಕೇಳಿ ತಿಳಿದುಕೊಳ್ಳಿ.